ಸುಶಿ ಊಟಕ್ಕೆ ಹೋಟೆಲು ಆರಿಸುವಾಗ

ಎಲ್ಲರ ಮನೆಯಲ್ಲೂ ಎಂದಾದರೊಮ್ಮೆ ಒಂದು ವಿಶೇಷದ ದಿನ ಬರುತ್ತದೆ. ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬಿದ ದಿನ, ಮಗನ ಮೊದಲ ಸಂಬಳದ ದಿನ, ಯಜಮಾನರ ನಿವೃತ್ತಿಯ ದಿನ. ನೆಂಟರಿಷ್ಟರನ್ನು ಕರೆದು, ಪೆಂಡಾಲು ಹಾಕಿಸಿ, ಹೋಳಿಗೆ ಊಟ ಹಾಕಿಸುವುದು ಒಂದು ರೀತಿ. ಮನೆಯವರು ಇಬ್ಬರೋ ಮೂವರೋ ಮಾತ್ರ ಗದ್ದಲವಿಲ್ಲದ ಕಡೆ ಕೂತು, ಒಳ್ಳೆಯದೊಂದು ಊಟ ಮಾಡಿ, ನಾಲ್ಕು ಮಾತಾಡಿ ಬರುವುದು ಇನ್ನೊಂದು ರೀತಿ. ಈ ಎರಡನೆಯದನ್ನು ನಮ್ಮ ಹೆಣ್ಣುಮಕ್ಕಳು ಬಾಯಿಬಿಟ್ಟು ಕೇಳುವುದು ಕಡಿಮೆ. ಹಾಗೆಂದು ಮನಸ್ಸಿನಲ್ಲಿ ಆಸೆಯೇ ಇಲ್ಲವೆಂದು ತಿಳಿಯಬೇಕೆ?

ಯಾದಗಿರಿ ಜಿಲ್ಲೆಯ ಕಡೇಚೂರನ್ನೇ ನೋಡಿ. ಹೊಲಗಳಿದ್ದ ಕಡೆ ಈಗ ಕಡೇಚೂರು–ಬಾಡಿಯಾಳ ಕೈಗಾರಿಕಾ ಪ್ರದೇಶ ಎದ್ದಿದೆ. ಮೂರು ಸಾವಿರ ಎಕರೆಗೂ ಮಿಕ್ಕಿದ ಜಮೀನು ಅದಕ್ಕೆ ಹೋಯಿತು. ರೈಲ್ವೆ ಬೋಗಿಗಳ ಚೌಕಟ್ಟು ಮಾಡುವ ಕಾರ್ಖಾನೆ ಬಂತು, ಔಷಧದ ಕಾರ್ಖಾನೆಗಳು ಬಂದವು. ಹೊಲ ಕೊಟ್ಟ ಮನೆಗಳ ಮಕ್ಕಳು ಅಲ್ಲಲ್ಲೇ ಕೆಲಸ ಹುಡುಕಿಕೊಂಡರು; ಓದಿದವರು ಬೆಂಗಳೂರಿಗೋ ಹೈದರಾಬಾದಿಗೋ ಹೋದರು.

ಇಂಥದೊಂದು ಮನೆಯನ್ನು ಮನಸ್ಸಿನಲ್ಲಿ ತಂದುಕೊಳ್ಳಿ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗ ಫೋನು ಮಾಡುತ್ತಾನೆ. "ಅವ್ವಾ, ನಿಮ್ಮ ಲಗ್ನ ಆಗಿ ಇಪ್ಪತ್ತೈದು ವರ್ಷ ಆತು. ಅಪ್ಪನ್ನ ಕರ್ಕೊಂಡು ಬಾ. ಛಲೋ ಹೋಟೆಲ್ಲಿನ್ಯಾಗ ಸುಶಿ ಊಟ ಮಾಡೋಣು."

"ಅದೇನೋ ಸುಶಿ ಅಂದ್ರ?"

"ಜಪಾನಿನ ಊಟ ಅವ್ವಾ. ಅನ್ನ, ಮ್ಯಾಲೆ ಮೀನು."

"ಹಸೀ ಮೀನಂತಲ್ಲೋ ಯಪ್ಪಾ! ನನಗ ಅದೆಲ್ಲ ಒಲ್ಲೆ."

ಮಗನ ಆಸೆ ಸುಳ್ಳಲ್ಲ, ತಾಯಿಯ ಅಂಜಿಕೆಯೂ ಸುಳ್ಳಲ್ಲ. ಮಗ ತಿಂಗಳ ಸಂಬಳದಲ್ಲಿ ದೊಡ್ಡ ಪಾಲನ್ನು ಒಂದು ಹೊತ್ತಿನ ಊಟಕ್ಕೆ ಇಡುತ್ತಿದ್ದಾನೆ. ತಾಯಿ ಒಂದು ರಾತ್ರಿ ರೈಲಿನಲ್ಲಿ ಕಳೆದು ಬರುತ್ತಾಳೆ. ಇಷ್ಟೆಲ್ಲ ಮಾಡಿ, ಆಕೆ ಗಾಜಿನ ಮೇಜಿನ ಮುಂದೆ ಸೆರಗು ಮುದುಡಿಕೊಂಡು, ಏನನ್ನೂ ಮುಟ್ಟದೆ, "ನಂಗ ಹಸಿವಿಲ್ಲ ಬಿಡು" ಎಂದು ಕೂತರೆ ಹಣವೂ ಹೋಯಿತು, ದಿನವೂ ಹೋಯಿತು. ಆದ್ದರಿಂದ ಇಂಥ ಊಟಕ್ಕೆ ಹೋಟೆಲು ಆರಿಸುವಾಗ ಮೊದಲು ನೋಡಬೇಕಾದ್ದು ಹೋಟೆಲಿನ ಹೆಸರನ್ನಲ್ಲ. ಊಟ ಯಾರಿಗಾಗಿ? ಅವರಿಗೆ ಅಲ್ಲಿ ಬಿಡುಬೀಸಾಗಿ ಕೂಡಲು ಬರುತ್ತದೆಯೆ? ಇಲ್ಲಿಂದ ಹೊರಟರೆ ಉಳಿದ ಲೆಕ್ಕವೆಲ್ಲ ಸಲೀಸು.

ಸುಶಿ ಎಂದರೇನು?

ಸುಶಿ ಎಂದರೆ ಹಸಿ ಮೀನು ಎಂದು ಬಹಳ ಜನ ತಿಳಿದಿದ್ದಾರೆ. ಅದು ತಪ್ಪು. ಸುಶಿಯ ಜೀವಾಳ ಅನ್ನ. ಅಂಟುಗುಣದ ಗಿಡ್ಡ ಅಕ್ಕಿಯ ಅನ್ನಕ್ಕೆ ವಿನೆಗರ್, ಸಕ್ಕರೆ, ಉಪ್ಪು ಕಲಸುತ್ತಾರೆ. ಅದರ ಮೇಲೋ ಒಳಗೋ ಮೀನು, ಮೊಟ್ಟೆ, ಸೌತೆಕಾಯಿ, ಏನಾದರೂ ಇರಬಹುದು. ಅನ್ನವಿಲ್ಲದೆ ಬರಿಯ ಹಸಿ ಮೀನನ್ನು ತೆಳ್ಳಗೆ ಹೆಚ್ಚಿ ಕೊಟ್ಟರೆ ಅದಕ್ಕೆ ಸಶಿಮಿ ಎಂಬ ಬೇರೆಯೇ ಹೆಸರಿದೆ.

ಹುಳಿ ಬೆರೆಸಿದ ಅನ್ನ ನಮಗೇನು ಹೊಸದೆ? ಎಳ್ಳ ಅಮವಾಸ್ಯೆಗೆ ಹೊಲಕ್ಕೆ ಬುತ್ತಿ ಕಟ್ಟುವವರು ನಾವು. ಹುಳಿ ಬುತ್ತಿ, ಮೊಸರು ಬುತ್ತಿಯನ್ನು ಅಂಗೈಯಲ್ಲಿ ಉಂಡೆ ಮಾಡಿ ಮಕ್ಕಳ ಕೈಗಿಡುವುದು ನಮ್ಮ ಅಜ್ಜಿಯರಿಗೆ ಗೊತ್ತಿತ್ತು. ಜಪಾನಿನವರೂ ಅನ್ನವನ್ನು ಅಂಗೈಯಲ್ಲೇ ಒತ್ತಿ ಉಂಡೆ ಮಾಡುತ್ತಾರೆ, ಮೇಲೆ ಒಂದು ಚೂರು ಮೀನು ಇಡುತ್ತಾರೆ. ಅದಕ್ಕೆ ನಿಗಿರಿ ಎನ್ನುತ್ತಾರೆ. ಕಡಲ ಸಸ್ಯದಿಂದ ಮಾಡಿದ, ಕಾಗದದಂತಿರುವ ನೋರಿ ಹಾಳೆಯಲ್ಲಿ ಅನ್ನ ಹರವಿ, ಸುರುಳಿ ಸುತ್ತಿ, ಆರೋ ಎಂಟೋ ತುಂಡು ಮಾಡಿದರೆ ಅದು ಮಾಕಿ.

ಇದರ ಹುಟ್ಟಿನ ಕಥೆಯೂ ನಮ್ಮ ಉಪ್ಪಿನಕಾಯಿ ಜಾಡಿಯ ಕಥೆಯಂತೆಯೇ ಇದೆ. ಹಿಂದೆ ಮೀನು ಕೆಡದಿರಲೆಂದು ಉಪ್ಪು ಹಾಕಿ ಅನ್ನದಲ್ಲಿ ಹುದುಗಿಸಿ ತಿಂಗಳುಗಟ್ಟಲೆ ಇಡುತ್ತಿದ್ದರು. ಅನ್ನ ಹುಳಿಯಾಗಿ ಮೀನನ್ನು ಕಾಯುತ್ತಿತ್ತು. ಜಪಾನಿನ ಬಿವಾ ಸರೋವರದ ಸುತ್ತ ಇಂದಿಗೂ ಈ ಹಳೆಯ ಪದ್ಧತಿಯ ಫುನಾಜುಶಿ ಉಳಿದಿದೆ. ಕಾಲ ಕಳೆದಂತೆ, ಅನ್ನ ಹುಳಿಯಾಗುವ ತನಕ ಕಾಯುವ ಬದಲು ವಿನೆಗರನ್ನೇ ಬೆರೆಸುವ ರೂಢಿ ಬಂತು. ಇಂದಿನ ಟೋಕಿಯೊ ನಗರಕ್ಕೆ ಆಗ ಎಡೊ ಎಂದು ಹೆಸರು. 1820ರ ದಶಕದಲ್ಲಿ ಅಲ್ಲಿ ಹನಾಯಾ ಯೋಹೆ ಎಂಬ ಅಡುಗೆಯವನು ಕೈಯಲ್ಲಿ ಒತ್ತಿದ ನಿಗಿರಿಯನ್ನು ಜನಪ್ರಿಯ ಮಾಡಿದನೆನ್ನುತ್ತಾರೆ. ನಿಂತಲ್ಲೇ ತಿಂದು ಹೋಗುವ ಬೀದಿಯ ತಿಂಡಿ ಅದು, ನಮ್ಮ ಮಿರ್ಚಿ ಭಜಿಯ ಬಂಡಿಯ ಹಾಗೆ.

ಇದನ್ನು ಮನೆಯ ಹಿರಿಯರಿಗೆ ಮೊದಲೇ ತಿಳಿಸಿ ಹೇಳಿದರೆ ಅರ್ಧ ಅಂಜಿಕೆ ಅಲ್ಲೇ ಕರಗುತ್ತದೆ. "ಬುತ್ತಿ ಉಂಡಿ ಇದ್ದಂಗ ಇರತದ ಅವ್ವಾ" ಎಂಬ ಒಂದು ಮಾತು ಹತ್ತು ಚಿತ್ರ ತೋರಿಸುವುದಕ್ಕಿಂತ ಮೇಲು.

ದೊಡ್ಡ ಹೋಟೆಲು ಎಂದರೆ ಯಾವುದು?

ನಮ್ಮಲ್ಲಿ ದೊಡ್ಡ ಹೋಟೆಲು ಎಂದರೆ ಎತ್ತರದ ಕಟ್ಟಡ, ತೂಗುದೀಪ, ಬಾಗಿಲಲ್ಲಿ ಸಲಾಮು ಹೊಡೆಯುವ ಪೇಟದವನು. ಸುಶಿಯ ಲೋಕದಲ್ಲಿ ಲೆಕ್ಕವೇ ಬೇರೆ. ಟೋಕಿಯೊದ ಗಿಂಜಾದಲ್ಲಿ ಸುಕಿಯಾಬಾಶಿ ಜಿರೊ ಎಂಬ ಜಗತ್ಪ್ರಸಿದ್ಧ ಸುಶಿ ಅಂಗಡಿ ಇದೆ. 2011ರಲ್ಲಿ ಅದರ ಯಜಮಾನ ಜಿರೊ ಓನೊ ಅವರ ಮೇಲೆ ಸಾಕ್ಷ್ಯಚಿತ್ರವೊಂದು ಬಂತು. 2014ರ ಏಪ್ರಿಲಿನಲ್ಲಿ ಅಮೆರಿಕದ ಆಗಿನ ಅಧ್ಯಕ್ಷ ಒಬಾಮಾ ಜಪಾನಿನ ಪ್ರಧಾನಿಯೊಡನೆ ಅಲ್ಲಿಯೇ ಊಟ ಮಾಡಿದರು. ಇಷ್ಟು ಹೆಸರಿನ ಆ ಅಂಗಡಿ ಇರುವುದು ಒಂದು ಕಟ್ಟಡದ ನೆಲಮಾಳಿಗೆಯಲ್ಲಿ. ಅಲ್ಲಿರುವುದು ಹತ್ತು ಕುರ್ಚಿ! ಅಡುಗೆಯವರು ಕಣ್ಣೆದುರೇ ಒಂದೊಂದೇ ಉಂಡೆ ಒತ್ತಿ ಮುಂದಿಡುತ್ತಾರೆ.

ಇದರಿಂದ ನಾವು ಕಲಿಯುವುದೇನು? ಊಟ ಸದ್ದಿಲ್ಲದಂತೆ ಸಾಗಬೇಕಾದರೆ ಚಿಕ್ಕ ಜಾಗ, ಕಡಿಮೆ ಮಂದಿ, ಬಡಿಸುವವರ ಗಮನ ಇವು ಮುಖ್ಯ. ವೈಭವಕ್ಕೆ ಆಮೇಲಿನ ಸ್ಥಾನ. ಪಟ್ಟೆತಿರುಗಿನ ಮೇಲೆ ತಟ್ಟೆಗಳು ಸುತ್ತುತ್ತ ಬರುವ ಸುಶಿ ಹೋಟೆಲುಗಳೂ ಇವೆ. 1958ರಲ್ಲಿ ಒಸಾಕಾ ಕಡೆ ಶುರುವಾದ ಈ ಪದ್ಧತಿ ಮಕ್ಕಳಿಗೆ ಬಲು ಮೋಜು. ವಿಶೇಷದ ದಿನ ಇಬ್ಬರೇ ಕೂತು ಮಾತಾಡಬೇಕೆನ್ನುವವರಿಗೆ ಅದು ಬೇಡ.

ಬೆಂಗಳೂರಿಗೆ ಜಪಾನಿ ಊಟ ಗಟ್ಟಿಯಾಗಿ ಬಂದದ್ದು ಜಪಾನಿನವರೇ ಇಲ್ಲಿ ಬಂದು ನೆಲೆಸಿದ ಮೇಲೆ. ಟೊಯೊಟಾ ಕಿರ್ಲೋಸ್ಕರ್ ಕಂಪನಿ 1997ರಲ್ಲಿ ಸ್ಥಾಪನೆಯಾಗಿ, 2000ದ ಹೊತ್ತಿಗೆ ಬಿಡದಿಯಲ್ಲಿ ತಯಾರಾದ ಕ್ವಾಲಿಸ್ ಗಾಡಿ ರಸ್ತೆಗೆ ಬಂದದ್ದು ಹಲವರಿಗೆ ನೆನಪಿರಬಹುದು. ಆ ಕಾರ್ಖಾನೆ, ಅದರ ಸುತ್ತಿನ ಇತರ ಕಂಪನಿಗಳ ಕೆಲಸಕ್ಕೆ ಬಂದ ಜಪಾನಿ ಸಂಸಾರಗಳಿಗೆ ತಮ್ಮ ಊರಿನ ಊಟ ಬೇಕಾಯಿತು. ರೆಸಿಡೆನ್ಸಿ ರಸ್ತೆಯ ಹರಿಮಾ, ಅದೇ ರಸ್ತೆಯ ಐಟಿಸಿ ಗಾರ್ಡೇನಿಯಾ ಹೋಟೆಲಿನ ಎಡೊ ಈ ಬಗೆಯ ಊಟಕ್ಕೆ ಹೆಸರಾದವು. ಒಂದು ಸಾದಾ ಕಟ್ಟಡದ ಮಹಡಿಯ ಮೇಲಿನದು, ಇನ್ನೊಂದು ತಾರಾ ಹೋಟೆಲಿನೊಳಗಿನದು. ಈ ಎರಡು ಬಗೆಯ ಸೌಕರ್ಯವೂ ಬೇರೆ, ಖರ್ಚೂ ಬೇರೆ. ಪಟ್ಟಣದ ಹೋಟೆಲುಗಳು ಇಂದು ತೆರೆಯುತ್ತವೆ, ನಾಳೆ ಮುಚ್ಚುತ್ತವೆ, ಜಾಗ ಬದಲಿಸುತ್ತವೆ. ಆದ್ದರಿಂದ ಹೆಸರನ್ನು ನಂಬಿ ಹೊರಡಬೇಡಿ, ಫೋನು ಮಾಡಿ ಹೊರಡಿ.

ಫೋನಿನಲ್ಲಿ ಕೇಳಬೇಕಾದ ಪ್ರಶ್ನೆಗಳು

ಸೀರೆ ಅಂಗಡಿಯಲ್ಲಿ ಸೆರಗು ಬಿಚ್ಚಿಸಿ, ಅಂಚು ನೋಡಿ, ಬಣ್ಣ ಬಿಡುತ್ತದೆಯೇ ಎಂದು ಕೇಳುವ ನಾವು ಹೋಟೆಲಿನವರನ್ನು ಕೇಳಲು ಯಾಕೆ ನಾಚಬೇಕು? ಒಳ್ಳೆಯ ಹೋಟೆಲಿನವರು ಪ್ರಶ್ನೆಗೆ ಬೇಸರಪಡುವುದಿಲ್ಲ. ಬೇಸರಪಟ್ಟರೆ ಅದೂ ಒಂದು ಉತ್ತರವೇ.

ಒಂದು: ಯಾವ ದಿನ, ಯಾವ ಹೊತ್ತಿನಲ್ಲಿ ಜನ ಕಡಿಮೆ? ಶನಿವಾರ ರಾತ್ರಿಯ ಗದ್ದಲಕ್ಕಿಂತ ವಾರದ ನಡುವಿನ ಮಧ್ಯಾಹ್ನ ಶಾಂತವಾಗಿರುತ್ತದೆ. ಅನೇಕ ಜಪಾನಿ ಹೋಟೆಲುಗಳಲ್ಲಿ ಮಧ್ಯಾಹ್ನಕ್ಕೆ ಒಂದೇ ತಟ್ಟೆಯಲ್ಲಿ ಎಲ್ಲ ಜೋಡಿಸಿದ ಊಟವೂ ಇರುತ್ತದೆ. ರಾತ್ರಿಯ ಊಟಕ್ಕಿಂತ ಅದು ಅಗ್ಗ.

ಎರಡು: ಕೂಡುವುದು ಎಲ್ಲಿ? ಕೆಲವು ಕಡೆ ಚಾಪೆಯ ಮೇಲೆ ನೆಲದಲ್ಲಿ ಕೂಡುವ ಖಾಸಗಿ ಕೋಣೆ ಇರುತ್ತದೆ. ನೆಲದ ಮೇಲಿನ ಊಟ ನಮಗೆ ಒಗ್ಗಿದ್ದೇ, ಆದರೆ ಮಂಡಿನೋವಿದ್ದವರಿಗೆ ಕಷ್ಟ. ಮೇಜಿನ ಕೆಳಗೆ ಕಾಲಿಳಿಬಿಡಲು ಗುಂಡಿ ಇದೆಯೇ, ಮಹಡಿಗೆ ಲಿಫ್ಟು ಇದೆಯೇ ಎಂದು ಕೇಳಿ. ಅಡುಗೆಯವರ ಎದುರು ಎತ್ತರದ ಕುರ್ಚಿಗಳ ಸಾಲು ನೋಡಲು ಚೆಂದ. ಹಿರಿಯರಿಗೆ ಅದಕ್ಕಿಂತ ಗೋಡೆಬದಿಯ ಮೇಜು ಹಿತ.

ಮೂರು: ಮೀನು ಬರುವುದು ಯಾವ ದಿನ? ಬೆಂಗಳೂರಿಗೆ ಕಡಲಿಲ್ಲ. ಮೀನು ಹೊರಗಿನಿಂದಲೇ ಬರಬೇಕು. ಬರುವ ದಿನವನ್ನು ತಡವರಿಸದೆ ಹೇಳುವ ಹೋಟೆಲು ಲೆಕ್ಕವಿಟ್ಟಿದೆ ಎಂದರ್ಥ.

ನಾಲ್ಕು: ಮೀನು, ಮೊಟ್ಟೆ ಮುಟ್ಟದವರಿಗೆ ಏನೇನಿದೆ?

ಐದು: ಮೂವರಿಗೆ ತೆರಿಗೆ ಸೇರಿ ಸುಮಾರು ಎಷ್ಟಾಗಬಹುದು?

ಆರು: ಸಂಗೀತದ ಸದ್ದು ಜೋರೇ? ಮೇಜಿಗೆ ಎಷ್ಟು ಹೊತ್ತಿನ ಮಿತಿ ಇದೆ? ಒಂದೂವರೆ ತಾಸಿಗೆ ಎಬ್ಬಿಸುವವರಿದ್ದರೆ ಮನಸ್ಸು ಬಿಚ್ಚಿ ಮಾತಾಡುವುದು ಹೇಗೆ?

ಇನ್ನೊಂದು ಮಾತು. ಯಾದಗಿರಿಯಲ್ಲಿ ಉದ್ಯಾನ ಎಕ್ಸ್‌ಪ್ರೆಸ್ ಹತ್ತಿ ಬಂದ ದಿನವೇ ಈ ಊಟ ಇಟ್ಟುಕೊಳ್ಳಬೇಡಿ. ರೈಲಿನ ಆಯಾಸದಲ್ಲಿ ಹೊಸ ರುಚಿ ಸೇರದು. ಒಂದು ದಿನ ವಿಶ್ರಾಂತಿ ತೆಗೆದುಕೊಂಡು ಹೊರಡಿ.

ಒಂದೇ ಮೇಜು, ಎರಡು ಬಗೆಯ ಊಟ

ನಮ್ಮ ಕಡೆ ಮಗ ಮೀನು ತಿಂದರೂ ತಾಯಿ ಮುಟ್ಟದ ಮನೆಗಳು ಎಷ್ಟಿಲ್ಲ? ಶಾಕಾಹಾರಿಗಳಿಗೂ ಸುಶಿಯಲ್ಲಿ ಜಾಗವಿದೆ. ಸೌತೆಕಾಯಿ ಸುರುಳಿಗೆ ಕಪ್ಪಾ ಮಾಕಿ ಎಂದು ಹೆಸರು. ಬೆಣ್ಣೆಹಣ್ಣು, ಕ್ಯಾರೆಟ್, ಅಣಬೆ ಇಟ್ಟ ಸುರುಳಿಗಳೂ ಉಂಟು. ಸೋಯಾ ಹಾಲಿನಿಂದ ಮಾಡಿದ ತೋಫುವನ್ನು ಕರಿದು, ಚೀಲದಂತೆ ಬಿಡಿಸಿ, ಅದರೊಳಗೆ ಅನ್ನ ತುಂಬಿದರೆ ಇನಾರಿ. ಇನ್ನೊಂದು ಕೇಳಿದರೆ ನಮ್ಮವರಿಗೆ ನಗು ಬಂದೀತು: ಕಾನ್‌ಪ್ಯೊ ಎಂಬ ಸುರುಳಿಯೊಳಗೆ ಇರುವುದು ಸೋರೆಕಾಯಿ! ತಿರುಳನ್ನು ಉದ್ದುದ್ದ ಪಟ್ಟಿಯಾಗಿ ಹೆರೆದು ಒಣಗಿಸಿ, ಆಮೇಲೆ ಸೋಯಾ, ಸಕ್ಕರೆಯಲ್ಲಿ ಬೇಯಿಸುತ್ತಾರೆ.

ಆದರೆ ಇಲ್ಲೊಂದು ಎಚ್ಚರಿಕೆ ಬೇಕು. ಜಪಾನಿ ಅಡುಗೆಯಲ್ಲಿ ದಾಶಿ ಎಂಬ ತಿಳಿಸಾರು ಎಲ್ಲದಕ್ಕೂ ಬುನಾದಿ. ಅದನ್ನು ಸಾಮಾನ್ಯವಾಗಿ ಒಣಗಿಸಿದ ಮೀನಿನ ತುರಿ ಹಾಕಿ ಮಾಡುತ್ತಾರೆ. ಮಿಸೊ ಸಾರು ನೋಡಲು ನಮ್ಮ ಬೇಳೆ ಕಟ್ಟಿನ ಹಾಗೆ ಕಂಡರೂ ಅದರಲ್ಲಿ ಮೀನಿನ ಸತ್ವ ಇರುತ್ತದೆ. ಇನಾರಿ, ಕಾನ್‌ಪ್ಯೊಗಳನ್ನೂ ದಾಶಿಯಲ್ಲಿ ಬೇಯಿಸುವ ರೂಢಿಯಿದೆ. "ವೆಜ್ ಇದೆಯಾ?" ಎಂದಷ್ಟೇ ಕೇಳಿದರೆ "ಇದೆ" ಎಂಬ ಉತ್ತರ ಬರುತ್ತದೆ, ಸಾರಿನ ಮಾತು ಬರುವುದಿಲ್ಲ. "ದಾಶಿಗೆ ಮೀನು ಹಾಕುತ್ತೀರಾ? ಕಡಲ ಸಸ್ಯ ಮತ್ತು ಅಣಬೆಯಿಂದ ಬೇರೆ ಮಾಡಿಕೊಡುತ್ತೀರಾ? ಚಾಕು, ಹಲಗೆ ಬೇರೆ ಇವೆಯಾ?" ಎಂದು ಬಿಡಿಸಿ ಕೇಳಿ. ಮದ್ಯ ಮುಟ್ಟದ ಮನೆಯವರು ಮಿರಿನ್, ಸಾಕೆ ಎಂಬ ಅಕ್ಕಿಯ ಮದ್ಯಗಳನ್ನು ಅಡುಗೆಗೆ ಹಾಕುತ್ತಾರೆಯೇ ಎಂದೂ ಕೇಳಬೇಕು. ವ್ರತನಿಯಮವಿರುವ ತಾಯಿಯನ್ನು ತಿಳಿಯದಂತೆ ತಿನ್ನಿಸುವುದು ಯಾವ ಪ್ರೀತಿ?

ಆರೋಗ್ಯದ ಮಾತು

ಹಸಿ ಮೀನಿನಲ್ಲಿ ಹುಳುವಿನ ಭಯವಿದೆ ಎನ್ನುವುದು ನಿಜ. ಅದಕ್ಕೆಂದೇ ಹಸಿಯಾಗಿ ತಿನ್ನುವ ಮೀನನ್ನು ಮೊದಲು ಗಟ್ಟಿಯಾಗಿ ಹೆಪ್ಪುಗಟ್ಟಿಸುತ್ತಾರೆ. ಅಮೆರಿಕದ ಆಹಾರ ಇಲಾಖೆಯ ಸೂಚನೆಯಂತೆ ಸೊನ್ನೆಗಿಂತ 20 ಡಿಗ್ರಿ ಸೆಲ್ಸಿಯಸ್ ಕೆಳಗೆ 7 ದಿನ, ಇಲ್ಲವೇ 35 ಡಿಗ್ರಿ ಕೆಳಗೆ ಗಟ್ಟಿಯಾಗಿಸಿ 15 ತಾಸು ಇಡಬೇಕು. ಇದರಿಂದ ಹುಳು ಸಾಯುತ್ತದೆ, ರೋಗಾಣುಗಳೆಲ್ಲ ಸಾಯುವುದಿಲ್ಲ. ಆದ್ದರಿಂದ ಶುಚಿಯೂ ಬೇಕು, ತಂಪೂ ಬೇಕು. "ನಮ್ಮದು ಹೆಪ್ಪುಗಟ್ಟಿಸದ ತಾಜಾ ಮೀನು" ಎಂದು ಹೊಗಳಿಕೊಂಡರೆ ಹಿಗ್ಗಬೇಡಿ. ಯಾವ ಮೀನು, ಹುಳುವಿಗೆ ಏನು ಮಾಡಿದ್ದೀರಿ ಎಂದು ಕೇಳಿ. ಜಪಾನಿನವರೇ ಹಿಂದೆ ಹುಳುವಿನ ಭಯಕ್ಕೆ ಸಾಲ್ಮನ್ ಮೀನನ್ನು ಹಸಿಯಾಗಿ ತಿನ್ನುತ್ತಿರಲಿಲ್ಲ. 1980ರ ದಶಕದಲ್ಲಿ ನಾರ್ವೆ ದೇಶದವರು ಸಾಕಿದ ಸಾಲ್ಮನ್ ಮೀನನ್ನು ಅಲ್ಲಿ ಪ್ರಚಾರ ಮಾಡಿದ ಮೇಲೆ ಅದು ಸುಶಿಗೆ ಏರಿತು.

ಇನ್ನು ನಮ್ಮ ಭೀಮಾ, ಕೃಷ್ಣಾ ನದಿಯ ಮೀನನ್ನು ಮನೆಯಲ್ಲೇ ಹಸಿಯಾಗಿ ಹೆಚ್ಚಿ ಸುಶಿ ಮಾಡುವ ಸಾಹಸ ಖಂಡಿತ ಬೇಡ. ಸಿಹಿನೀರಿನ ಮೀನಿನಲ್ಲಿ ಯಕೃತ್ತಿಗೆ ತಗಲುವ ಹುಳುಗಳಿರಬಹುದು. ನದಿಯ ಮೀನಿಗೆ ಒಲೆಯೇ ಸರಿ.

ಬಸುರಿಯರು, ಚಿಕ್ಕ ಮಕ್ಕಳು, ತೀರ ವಯಸ್ಸಾದವರು, ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧಿ ತೆಗೆದುಕೊಳ್ಳುವವರು ಹಸಿ ಮೀನನ್ನು ಮುಟ್ಟಬಾರದು. ಇವರಿಗೆ ಬೇಯಿಸಿದ ಸೀಗಡಿ, ಚೆನ್ನಾಗಿ ಬೆಂದ ಮೊಟ್ಟೆ, ಕಾಯಿಪಲ್ಯದ ಸುರುಳಿಗಳಿವೆ. ರಕ್ತದೊತ್ತಡ ಇರುವವರು ಸೋಯಾ ರಸದ ಮೇಲೆ ಕಣ್ಣಿಡಬೇಕು. ಒಂದು ದೊಡ್ಡ ಚಮಚ ಸೋಯಾ ರಸದಲ್ಲಿ ಸುಮಾರು 900 ಮಿಲಿಗ್ರಾಂ ಸೋಡಿಯಂ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಇಡೀ ದಿನಕ್ಕೆ 2,000 ಮಿಲಿಗ್ರಾಂ. ಸಕ್ಕರೆ ಕಾಯಿಲೆಯವರು ಸುಶಿಯ ಅನ್ನದಲ್ಲಿ ಸಕ್ಕರೆ ಬೆರೆತಿರುವುದನ್ನು ಮರೆಯಬಾರದು.

ಹಣದ ಲೆಕ್ಕ

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ವಿಶೇಷದ ದಿನಕ್ಕೂ ಸಲ್ಲುತ್ತದೆ. ತಟ್ಟೆಯ ದರ ಒಂದಿದ್ದರೆ ಬಿಲ್ಲಿನ ಮೊತ್ತ ಇನ್ನೊಂದಾಗುತ್ತದೆ. ಸಾಮಾನ್ಯ ಹೋಟೆಲಿನ ಊಟಕ್ಕೆ ಜಿಎಸ್‌ಟಿ ನೂರಕ್ಕೆ 5. ದಿನಕ್ಕೆ 7,500 ರೂಪಾಯಿಗಿಂತ ಹೆಚ್ಚಿನ ಬಾಡಿಗೆಯ ಕೋಣೆಗಳಿರುವ ದೊಡ್ಡ ವಸತಿ ಹೋಟೆಲಿನೊಳಗಿನ ಊಟಕ್ಕೆ ಅದೇ ತೆರಿಗೆ ನೂರಕ್ಕೆ 18. ಊಟದ ದರ 6,000 ರೂಪಾಯಿ ಎಂದಿಟ್ಟುಕೊಳ್ಳಿ. ಒಂದು ಕಡೆ 6,300 ಆಗುತ್ತದೆ, ಇನ್ನೊಂದು ಕಡೆ 7,080. ಈ 780 ರೂಪಾಯಿಯಲ್ಲಿ ತಾಯಿಗೊಂದು ಇಳಕಲ್ ಕುಪ್ಪಸದ ಖಣವಾದರೂ ಬರುತ್ತಿತ್ತಲ್ಲ!

ಸೇವಾಶುಲ್ಕ ಎಂದು ಬಿಲ್ಲಿನಲ್ಲಿ ತಾನಾಗಿ ಸೇರಿಸುವ ಮೊತ್ತ ಬೇರೆ. ಅದನ್ನು ಗಿರಾಕಿಯ ಮೇಲೆ ಬಲವಂತವಾಗಿ ಹೇರಬಾರದೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಸೂಚನೆ ಹೊರಡಿಸಿತು. 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಸೇವೆ ಮೆಚ್ಚಿಕೆಯಾದರೆ ಕೊಡಿ, ಇಲ್ಲವಾದರೆ ತೆಗೆಸಿ ಎಂದು ಮೆಲ್ಲಗೆ ಹೇಳಬಹುದು.

ಒಮಾಕಸೆ ಎಂಬ ಪದ ಕಂಡರೆ ನಿಂತು ಯೋಚಿಸಿ. "ನಿಮಗೆ ಬಿಟ್ಟಿದ್ದೇನೆ" ಎಂದು ಅದರ ಅರ್ಥ. ಅಡುಗೆಯವರೇ ಆರಿಸಿ ಒಂದಾದ ಮೇಲೊಂದು ಕೊಡುತ್ತಾರೆ. ಸುಶಿ ಬಲ್ಲವರಿಗೆ ಇದು ಹಬ್ಬ. ಮೊದಲ ಸಲ ತಿನ್ನುವವರಿಗೆ ಏನು ಬರುತ್ತದೋ ಎಂಬ ಆತಂಕ, ಜೊತೆಗೆ ಭಾರೀ ಬೆಲೆ. ಮೊದಲ ಸಲಕ್ಕೆ ಒಂದು ಸೌತೆಕಾಯಿ ಸುರುಳಿ, ಒಂದು ಬೇಯಿಸಿದ್ದು, ಮೀನು ತಿನ್ನುವವರಿಗೆ ಎರಡೇ ಎರಡು ನಿಗಿರಿ ತರಿಸಿ. ರುಚಿ ಹಿಡಿದರೆ ಮತ್ತೆ ತರಿಸಿದರಾಯಿತು. ತರಿಸಿದ್ದನ್ನು ಕಟ್ಟಿಸಿಕೊಂಡು ಹೋಗಿ ರಾತ್ರಿ ತಿನ್ನೋಣವೆಂದರೆ ಹಸಿ ಮೀನಿನ ವಿಷಯದಲ್ಲಿ ಆಗದ ಮಾತು.

ಮೇಜಿನ ಮುಂದೆ

ಕಡ್ಡಿ ಹಿಡಿಯಲು ಬಾರದೆಂದು ಎಷ್ಟೋ ಜನ ಹೆದರುತ್ತಾರೆ. ನಿಗಿರಿಯನ್ನು ಕೈಯಿಂದ ತಿನ್ನುವುದು ಜಪಾನಿನಲ್ಲೇ ಸಲ್ಲುವ ರೀತಿ. ಇದನ್ನು ಅಪ್ಪ ಅವ್ವನಿಗೆ ಮೊದಲೇ ಹೇಳಿಬಿಡಿ. ಮುಖ ಅರಳುವುದನ್ನು ನೋಡಿ! ಉಂಡೆಯನ್ನು ಮೆಲ್ಲಗೆ ಹೊರಳಿಸಿ, ಮೀನಿನ ಬದಿಯನ್ನು ಮಾತ್ರ ಸೋಯಾ ರಸಕ್ಕೆ ತಾಗಿಸಿ, ಒಂದೇ ತುತ್ತಿಗೆ ಬಾಯಿಗಿಡಬೇಕು. ಅನ್ನದ ಬದಿ ಅದ್ದಿದರೆ ಉಂಡೆ ಒಡೆದು ಬಟ್ಟಲಲ್ಲಿ ತೇಲುತ್ತದೆ.

ತಟ್ಟೆಯ ಮೂಲೆಯಲ್ಲಿ ಹಸಿರು ಚಟ್ನಿಯಂಥದು ಇರುತ್ತದೆ. ಅದು ವಾಸಾಬಿ. ಯಾದಗಿರಿಯ ಖಾರ ತಿಂದವರು ನಾವು, ಇದೇನು ಮಹಾ ಎಂದು ಚಮಚ ತುಂಬ ಹಾಕಿಕೊಂಡೀರಿ, ಜೋಕೆ! ಮೆಣಸಿನಕಾಯಿಯ ಖಾರ ನಾಲಿಗೆಗೆ ಹತ್ತಿದರೆ, ಇದು ಸಾಸಿವೆಯ ಹಾಗೆ ಮೂಗಿಗೆ ಏರಿ ಕಣ್ಣಲ್ಲಿ ನೀರು ತರಿಸುತ್ತದೆ. ಸಾಸಿವೆ ಕಾಳಿನಷ್ಟು ಸಾಕು. ಗುಲಾಬಿ ಬಣ್ಣದ ತೆಳು ಚೂರುಗಳು ವಿನೆಗರಿನಲ್ಲಿ ನೆನೆಸಿದ ಶುಂಠಿ. ಒಂದು ಬಗೆ ತಿಂದು ಇನ್ನೊಂದಕ್ಕೆ ಹೋಗುವ ಮುನ್ನ ಬಾಯಿ ಹಸನಾಗಲೆಂದು ಅದನ್ನು ಇಟ್ಟಿರುತ್ತಾರೆ.

ಒಲ್ಲೆ ಎಂದರೆ?

ಇಷ್ಟೆಲ್ಲ ತಿಳಿಸಿದ ಮೇಲೂ "ನನಗ ಮನಸ್ಸಿಲ್ಲೋ" ಎಂದು ತಾಯಿ ಹೇಳಬಹುದು. ಆಗ ಮಕ್ಕಳು ಮುನಿಸಿಕೊಳ್ಳಬಾರದು. ನಮ್ಮ ತಾಯಂದಿರ "ಒಲ್ಲೆ"ಯಲ್ಲಿ ಎರಡು ಬಗೆಯುಂಟು. ಒಂದು, ಮಕ್ಕಳಿಗೆ ಖರ್ಚಾಗುತ್ತದೆಂದು ಹೇಳುವ ಒಲ್ಲೆ. ಅದಕ್ಕೆ ಮದ್ದು, ಖರ್ಚನ್ನು ಮೊದಲೇ ಲೆಕ್ಕ ಹಾಕಿ, "ಇಷ್ಟಾಗುತ್ತದೆ, ತೆಗೆದಿಟ್ಟಿದ್ದೇನೆ" ಎಂದು ಬಿಚ್ಚಿ ಹೇಳುವುದು. ಇನ್ನೊಂದು ನಿಜವಾಗಿ ಒಪ್ಪದ ಒಲ್ಲೆ. ಅದನ್ನು ಒಲ್ಲೆ ಎಂದೇ ತಿಳಿಯಬೇಕು. ಹೊಲ ಕೊಟ್ಟು, ಒಡವೆ ಅಡವಿಟ್ಟು ಓದಿಸಿದ ತಾಯಿಗೆ ಧನ್ಯವಾದ ಹೇಳಲು ಸುಶಿಯೇ ಆಗಬೇಕೆಂದಿಲ್ಲ. ಅದೇ ಹಣದಲ್ಲಿ ಗದ್ದಲವಿಲ್ಲದ ಒಳ್ಳೆಯ ಶಾಕಾಹಾರಿ ಹೋಟೆಲಿನಲ್ಲಿ ಮೂರು ಸಲ ಕೂತು ಉಣ್ಣಬಹುದು.

ಹಾಗೆಯೇ, ಸೋದರಿಯರೇ, ನಿಮಗೇ ಆಸೆ ಇದ್ದರೆ ಅದನ್ನು ಮಕ್ಕಳ ಮುಂದೆ, ಯಜಮಾನರ ಮುಂದೆ ಹೇಳಲು ಹಿಂಜರಿಯಬೇಡಿ. "ಈ ವಯಸ್ಸಿನ್ಯಾಗ ನನಗ ಯಾಕ ಬೇಕು" ಎಂದು ನುಂಗಿಕೊಂಡರೆ ತಿಳಿಯುವವರು ಯಾರು? ದಿನಕ್ಕೆರಡು ಹೊತ್ತು ನಿಂತು ರೊಟ್ಟಿ ಬಡಿದ ಕೈ ಒಂದು ಮಧ್ಯಾಹ್ನ ಸುಮ್ಮನೆ ಮೇಜಿನ ಮೇಲಿರಲಿ, ಬೇರೆಯವರು ಉಂಡೆ ಕಟ್ಟಿ ಮುಂದಿಡಲಿ.

ಹೊಸ ರುಚಿಯನ್ನು ಹೋಟೆಲಿನಲ್ಲೇ ಮೊದಲು ನೋಡಬೇಕೆಂದೇನಿಲ್ಲ. ಹೊರಡುವ ಹಿಂದಿನ ವಾರ ಮನೆಯಲ್ಲಿ ಒಮ್ಮೆ ಮಾಡಿ ನೋಡಿದರೆ ಹುಳಿ ಅನ್ನ ನಾಲಿಗೆಗೆ ಒಗ್ಗುತ್ತದೆಯೇ ಎಂದು ಖರ್ಚಿಲ್ಲದೆ ತಿಳಿಯುತ್ತದೆ. ನೋರಿ ಹಾಳೆ ಸಿಗದಿದ್ದರೂ ಮಾಡಬಹುದಾದ ಸುಲಭದ ಬಗೆ ಇಲ್ಲಿದೆ.

ಸೌತೆಕಾಯಿ ಸುಶಿ ಉಂಡೆ

ಬೇಕಾಗುವ ಸಾಮಾನುಗಳು: ಸೋನಾ ಮಸೂರಿ ಅಕ್ಕಿ 1 ಕಪ್ಪು (ಹೊಸ ಅಕ್ಕಿಯಾದರೆ ಅಂಟು ಹೆಚ್ಚು), ನೀರು 2 ಕಪ್ಪು, ವಿನೆಗರ್ ಒಂದೂವರೆ ದೊಡ್ಡ ಚಮಚ, ಸಕ್ಕರೆ 1 ದೊಡ್ಡ ಚಮಚ, ಉಪ್ಪು ಅರ್ಧ ಚಿಕ್ಕ ಚಮಚ, ಎಳೆ ಸೌತೆಕಾಯಿ 1, ಹುರಿದ ಎಳ್ಳು 1 ಚಿಕ್ಕ ಚಮಚ, ಶುಂಠಿ ಒಂದು ತುಂಡು, ಸೋಯಾ ರಸ ಸ್ವಲ್ಪ.

ಮಾಡುವ ವಿಧಾನ: ಅಕ್ಕಿಯನ್ನು ನೀರು ತಿಳಿಯಾಗುವ ತನಕ ತೊಳೆದು ಅರ್ಧ ತಾಸು ನೆನೆಯಿಡಿ. ಆ ನೀರು ಬಸಿದು, ಅಳೆದ ನೀರು ಹಾಕಿ, ಅಗುಳು ಒಂದಕ್ಕೊಂದು ಅಂಟುವಂತೆ ಮೆತ್ತಗೆ ಅನ್ನ ಮಾಡಿ. ವಿನೆಗರಿಗೆ ಸಕ್ಕರೆ, ಉಪ್ಪು ಹಾಕಿ ಕರಗುವಷ್ಟು ಮಾತ್ರ ಬೆಚ್ಚಗೆ ಮಾಡಿ. ಹಿತ್ತಾಳೆ, ತಾಮ್ರದ ಪಾತ್ರೆ ಬೇಡ. ಸ್ಟೀಲು ಅಥವಾ ಗಾಜಿನದಿರಲಿ. ಬಿಸಿ ಅನ್ನವನ್ನು ಅಗಲ ತಟ್ಟೆಗೆ ಹರವಿ, ವಿನೆಗರ್ ಚಿಮುಕಿಸಿ, ಮುದ್ದೆಯಾಗದಂತೆ ಚಮಚದ ಅಂಚಿನಿಂದ ಕಲಸಿ ಬೀಸಣಿಗೆಯಿಂದ ಗಾಳಿ ಹಾಕಿ. ಮೈ ಬಿಸಿಯಷ್ಟಕ್ಕೆ ಇಳಿದರೆ ಸಾಕು.

ಸೌತೆಕಾಯಿಯನ್ನು ಕಾಗದದಷ್ಟು ತೆಳ್ಳಗೆ ದುಂಡಗೆ ಹೆಚ್ಚಿ, ಚಿಟಿಕೆ ಉಪ್ಪು ಸವರಿ ಐದು ನಿಮಿಷ ಬಿಟ್ಟು ನೀರು ಹಿಂಡಿ. ಒದ್ದೆ ಮಾಡಿ ಹಿಂಡಿದ ತೆಳು ಬಟ್ಟೆಯ ಮೇಲೆ ಎರಡು ಮೂರು ಬಿಲ್ಲೆಗಳನ್ನು ಒಂದರ ಮೇಲೊಂದು ಅರ್ಧ ಬರುವಂತೆ ಇಟ್ಟು, ನಿಂಬೆಹಣ್ಣಿನ ಗಾತ್ರದ ಅನ್ನ ಇಟ್ಟು, ಬಟ್ಟೆಯ ತುದಿ ಕೂಡಿಸಿ ಮೆಲ್ಲಗೆ ತಿರುಚಿ. ಬಿಚ್ಚಿದರೆ ಹಸಿರು ಹೊದ್ದ ಉಂಡೆ ಸಿದ್ಧ. ಮೇಲೆ ಎಳ್ಳು ಉದುರಿಸಿ. ಹೆರೆದ ಶುಂಠಿಯನ್ನು ಒಂದು ಚಮಚ ವಿನೆಗರ್, ಚಿಟಿಕೆ ಸಕ್ಕರೆಯಲ್ಲಿ ನೆನೆಸಿ ಬದಿಗಿಡಿ. ಸೋಯಾ ರಸಕ್ಕೆ ಅಷ್ಟೇ ನೀರು ಬೆರೆಸಿ ಕೊಡಿ. ಸುಮಾರು ಹನ್ನೆರಡು ಉಂಡೆಗಳಾಗುತ್ತವೆ. ಮಾಡಿದ ಎರಡು ಮೂರು ತಾಸಿನೊಳಗೆ ತಿನ್ನಬೇಕು. ಫ್ರಿಜ್ಜಿನಲ್ಲಿಟ್ಟರೆ ಅನ್ನ ಗಟ್ಟಿಯಾಗುತ್ತದೆ.